ಹೆದ್ದಾರಿ ಬದಿಯ ಹೆಣ್ಣುಮಕ್ಕಳು ಕಲಿಸಿದ ಪಾಠ

ಮಂಡ್ಯದ ಬೆಲ್ಲ, ಮದ್ದೂರಿನ ಎಳನೀರು ಲಾರಿ ಹತ್ತಿ ದೂರದೂರಿಗೆ ಹೋಗುತ್ತವೆ. ಮಳವಳ್ಳಿ ದಾಟಿದರೆ ಕೊಳ್ಳೇಗಾಲ, ಆಚೆಗೆ ತಮಿಳುನಾಡು. ಈ ದಾರಿಗಳಲ್ಲಿ ದಿನಗಟ್ಟಲೆ ಮನೆ ಬಿಟ್ಟಿರುವ ಲಾರಿ ಚಾಲಕರನ್ನು, ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳನ್ನು ‘ರೋಗ ಹರಡುವವರು’ ಎಂದು ದೂರ ಇಟ್ಟ ಕಾಲವೊಂದಿತ್ತು.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾಗಿದ್ದು 1986ರಲ್ಲಿ, ಮದ್ರಾಸಿನಲ್ಲಿ. ಆಗ ಔಷಧಿಗಿಂತ ಭಯವೇ ಬೇಗ ಹಳ್ಳಿ ತಲುಪಿತು. ಹೆದರಿದವರು ಪರೀಕ್ಷೆಗೆ ಬರಲಿಲ್ಲ.

ದಾರಿ ತೋರಿಸಿದ್ದು ಪಕ್ಕದ ಮೈಸೂರು. 2004ರಲ್ಲಿ ಅಲ್ಲಿ ಲೈಂಗಿಕ ವೃತ್ತಿಯವರ ನಡುವೆ ಕೆಲಸ ಶುರುವಾಯಿತು. 2005ರಲ್ಲಿ ಅವರೇ ‘ಆಶೋದಯ ಸಮಿತಿ’ ಕಟ್ಟಿಕೊಂಡರು. ಮುಂದೆ ಮಂಡ್ಯ ಜಿಲ್ಲೆಗೂ ಕೆಲಸ ಹಬ್ಬಿತು. ಕಾಂಡೋಮ್ ಹಂಚುವುದು, ಜೊತೆಯವರನ್ನು ಆಸ್ಪತ್ರೆಗೆ ಕರೆದೊಯ್ಯುವುದು ಎಲ್ಲಕ್ಕೂ ಅವರೇ ನಿಂತರು. ಹೊಡೆತಕ್ಕೆ ಅಂಜುವ ಹೆಣ್ಣು ‘ಕಾಂಡೋಮ್ ಹಾಕು’ ಎನ್ನಲಾರಳು. ಅದಕ್ಕೇ ಹಿಂಸೆಯ ವಿರುದ್ಧವೂ ಒಟ್ಟಾದರು. 2006ರ ಹೊತ್ತಿಗೆ ಮೈಸೂರಿನ ಈ ಮಹಿಳೆಯರಲ್ಲಿ ಸಿಫಿಲಿಸ್ ನೂರಕ್ಕೆ 25ರಿಂದ 12ಕ್ಕೆ ಇಳಿಯಿತು.

2004ರ ಏಪ್ರಿಲ್‌ನಿಂದ ಸರ್ಕಾರ ಎಆರ್‌ಟಿ ಮಾತ್ರೆಯನ್ನು ಉಚಿತವಾಗಿ ಕೊಡತೊಡಗಿತು. ದಿನಾ ಮಾತ್ರೆ ನುಂಗಿ, ರಕ್ತಪರೀಕ್ಷೆಯಲ್ಲಿ ವೈರಾಣು ಕಾಣದಷ್ಟು ಕಮ್ಮಿಯಾಗಿ ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಎಚ್‌ಐವಿ ಇನ್ನೊಬ್ಬರಿಗೆ ಹರಡುವುದಿಲ್ಲ. ಸೋಂಕಿದೆ ಎಂದು ಕೆಲಸದಿಂದ ತೆಗೆಯುವುದು, ಚಿಕಿತ್ಸೆ ನಿರಾಕರಿಸುವುದು 2017ರ ಕಾಯ್ದೆಯಂತೆ ತಪ್ಪು.

2023ರಲ್ಲಿ ಎಕ್ಸ್‌ಪ್ರೆಸ್‌ವೇ ಬಂತು. ಈಗ ಲಾರಿಗಳು ಮಂಡ್ಯ, ಮದ್ದೂರಿನ ಒಳಗೆ ಬರದೆಯೂ ದಾಟಬಹುದು. ಲಾರಿ ನಿಲ್ಲುವ ಜಾಗ ಬದಲಾದರೆ ಅರಿವಿನ ಕೆಲಸವೂ ಅಲ್ಲಿಗೇ ಹೋಗಬೇಕು. ಚಾಲಕನ ಮನೆಯಾಕೆಗೂ ಈ ಮಾತು ತಲುಪಬೇಕು. ಅನುಮಾನವಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಉಚಿತ, ಗುಟ್ಟು ಬಿಡುವುದಿಲ್ಲ. ಕೇಳಬೇಕೆನಿಸಿದರೆ 1097ಕ್ಕೆ ಕರೆ ಮಾಡಿ, ದುಡ್ಡಿಲ್ಲ.