ಕಾಲಿನ ಮಾತು, ಬಾಯಿಯ ಮಾತು

ಆಟ ಕಣ್ಣೆದುರಿಗೇ ನಡೆಯುತ್ತಿದೆ; ಆದರೂ ನೋಡುವವನ ಕಿವಿಗೆ ಒಂದು ರೇಡಿಯೊ ಅಂಟಿಕೊಂಡಿದೆ. ಬ್ರೆಜಿಲ್ ದೇಶದ ರಿಯೊ ದ ಜನೈರೊ ನಗರದಲ್ಲಿ, ಮರಕಾನಾ ಎಂಬ ಮಹಾಕ್ರೀಡಾಂಗಣದಲ್ಲಿ, ಟ್ರಾನ್ಸಿಸ್ಟರ್ ಬಂದ ಮೇಲೆ ಇದು ನಿತ್ಯದ ನೋಟವಾಯಿತು. ಎಲೆಯ ಮುಂದೆ ಕುಳಿತು ಉಣ್ಣುತ್ತಿರುವಾಗಲೇ ಅಡುಗೆಯ ವರ್ಣನೆಯನ್ನು ಇನ್ನೊಬ್ಬರಿಂದ ಕೇಳಿದಂತೆ ಇದೆಂಥ ಹುಚ್ಚು ಎಂದು ನಾನೂ ಮೊದಲು ನಕ್ಕಿದ್ದುಂಟು. ಆಮೇಲೆ ನಮ್ಮ ಊರಿನ ಹರಿಕಥೆ ನೆನಪಾಯಿತು. ಸೀತೆ ಕಳೆದುಹೋದಳೆಂಬುದೂ ಮತ್ತೆ ಸಿಕ್ಕಳೆಂಬುದೂ ತಿಳಿಯದವರು ಆ ಸಭೆಯಲ್ಲಿ ಯಾರಿರುತ್ತಾರೆ? ತಿಳಿದದ್ದನ್ನೇ ದಾಸರ ಬಾಯಿಂದ ಕೇಳಿ ಅಳುವುದಕ್ಕೆಂದೇ ನಾವು ಹೋಗುತ್ತಿದ್ದೆವು. ಮರಕಾನಾದ ಜನರ ಹಸಿವೂ ಅದೇ ಜಾತಿಯದು.

ಆದರೆ ಹೇಳುವವನು ಯಾರಾಗಿರಬೇಕು? ಆಡಿ ಬಂದವನೋ, ನೋಡಿ ನೋಡಿ ಹುಚ್ಚಾದವನೋ? ಆಟದ ಇತಿಹಾಸದಲ್ಲಿ ಈ ಪ್ರಶ್ನೆ ರೇಡಿಯೊದಷ್ಟೇ ಹಳೆಯದು.

ಇಂಗ್ಲೆಂಡಿನ ಬಿ.ಬಿ.ಸಿ. ಮೊಟ್ಟಮೊದಲು ಫುಟ್‌ಬಾಲ್ ಪಂದ್ಯವೊಂದರ ವೀಕ್ಷಕ ವಿವರಣೆಯನ್ನು ಬಿತ್ತರಿಸಿದ್ದು ೧೯೨೭ರ ಜನವರಿ ೨೨ರಂದು. ಲಂಡನ್ನಿನ ಹೈಬರಿ ಮೈದಾನದಲ್ಲಿ ಆರ್ಸೆನಲ್ ಮತ್ತು ಶೆಫೀಲ್ಡ್ ಯುನೈಟೆಡ್ ತಂಡಗಳ ನಡುವೆ ನಡೆದ ಆ ಆಟ ೧-೧ರಲ್ಲಿ ಸಮವಾಯಿತು. ವಿವರಣೆ ಕೊಟ್ಟ ಟೆಡ್ಡಿ ವೇಕ್‌ಲಮ್ ಹಿಂದೆ ಹಾರ್ಲಕ್ವಿನ್ಸ್ ತಂಡದಲ್ಲಿ ರಗ್ಬಿ ಆಡಿದ್ದವನು. ಮೈದಾನವನ್ನು ಎಂಟು ಚೌಕಗಳಾಗಿ ವಿಂಗಡಿಸಿ ಅಂಕಿಗಳನ್ನು ಕೊಟ್ಟ ನಕ್ಷೆಯೊಂದನ್ನು ರೇಡಿಯೊ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದರು. ಚೆಂಡು ಯಾವ ಚೌಕದಲ್ಲಿದೆಯೆಂದು ಎರಡನೆಯ ಧ್ವನಿಯೊಂದು ಕೂಗುತ್ತಿತ್ತು. ಮನೆಯಲ್ಲಿ ಕುಳಿತವರು ನಕ್ಷೆಯ ಮೇಲೆ ಬೆರಳಿಟ್ಟುಕೊಂಡು ಕೇಳುತ್ತಿದ್ದರು. ಆ ದಿನ ರೇಡಿಯೊದಲ್ಲಿ ಕೇಳಿಬಂದ ಮೊದಲನೆಯ ಗೋಲನ್ನು ಹೊಡೆದವನು ಆರ್ಸೆನಲ್ಲಿನ ಚಾರ್ಲಿ ಬುಕನ್. ಮರುವರ್ಷ ಆತ ಆಟ ಬಿಟ್ಟು ಪತ್ರಿಕೋದ್ಯೋಗಿಯಾದ; ಮುಂದೆ ಅದೇ ಬಿ.ಬಿ.ಸಿ.ಯಲ್ಲಿ ಫುಟ್‌ಬಾಲಿನ ಬಗ್ಗೆ ಮಾತನಾಡುವವನೂ ಆದ. ಮೈದಾನದಿಂದ ಮೈಕಿನವರೆಗಿನ ಹಾದಿ ಮೊದಲ ದಿನವೇ ತೆರೆಯಿತೆಂದು ಹೇಳಬಹುದು.

ಆದರೂ ಈ ಹಾದಿ ರಾಜಮಾರ್ಗವಾದದ್ದು ಬ್ರೆಜಿಲಿನಲ್ಲಿ. ಅಲ್ಲಿ ಇಡೀ ಪಂದ್ಯವೊಂದನ್ನು ಮೊದಲು ವರ್ಣಿಸಿದವನು ನಿಕೊಲಾವ್ ತೂಮಾ ಎಂಬ ತರುಣ. ೧೯೩೧ರ ಜುಲೈ ೧೯ರಂದು, ಸಾವೊ ಪಾಲೊ ಮತ್ತು ಪರಾನಾ ಪ್ರಾಂತಗಳ ಪಂದ್ಯ. ಆಟಗಾರರ ಅಂಗಿಯ ಮೇಲೆ ಆಗಿನ್ನೂ ಅಂಕಿಗಳಿರಲಿಲ್ಲ. ತೂಮಾ ಆಟಕ್ಕೆ ಮುಂಚೆ ಅವರು ಬಟ್ಟೆ ಬದಲಿಸುವ ಕೋಣೆಗೇ ಹೋಗಿ ಒಬ್ಬೊಬ್ಬನ ಮುಖವನ್ನೂ ಗುರುತಿಟ್ಟುಕೊಂಡು ಬಂದ. ಆತ ಮಾತನಾಡುವ ವೇಗಕ್ಕೆ ಜನ ಇಟ್ಟ ಹೆಸರು ‘ಮೆಷಿನ್‌ಗನ್’. ಇಂಗ್ಲಿಷರು ಚೌಕ ಎಣಿಸಿದರು. ಬ್ರೆಜಿಲಿನವರು ಉಸಿರು ಕಟ್ಟಿ ಓಡಿದರು.

ಓಡುವವರ ಹಿಂದೆಯೇ ಹುಚ್ಚರೂ ಬಂದರು. ಅವರಲ್ಲಿ ಅಗ್ರಗಣ್ಯ ಆರಿ ಬಾರೋಸೊ. ಈತ ಸಂಗೀತ ರಚನಕಾರ. ೧೯೩೯ರಲ್ಲಿ ಈತ ರಚಿಸಿದ ‘ಅಕ್ವರೇಲ ದೊ ಬ್ರಜಿಲ್’ ಲೋಕಪ್ರಸಿದ್ಧವಾಯಿತು. ಆದರೆ ರೇಡಿಯೊದಲ್ಲಿ ಆತ ಫ್ಲಮೆಂಗೊ ತಂಡದ ಭಕ್ತ. ಗೋಲಾದಾಗ ಬಾಯಿಮಾತು ಸಾಲದೆ ಮೌತ್ ಆರ್ಗನ್ ಊದುತ್ತಿದ್ದ: ಫ್ಲಮೆಂಗೊ ಹೊಡೆದರೆ ಉದ್ದನೆಯ ಉಲ್ಲಾಸದ ರಾಗ, ಎದುರಾಳಿ ಹೊಡೆದರೆ ಒಂದು ಸಣ್ಣ ಅಳು. ತನ್ನ ತಂಡದ ಗೋಲಿನ ಬಳಿ ಚೆಂಡು ಬಂದರೆ, ತನಗೆ ನೋಡುವುದಕ್ಕೇ ಆಗದೆಂದು ಕೇಳುಗರಿಗೆ ಹೇಳಿ ಮುಖ ತಿರುಗಿಸಿಬಿಡುತ್ತಿದ್ದನಂತೆ. ಕೇಳುಗರ ಪ್ರಾಣ ಗಂಟಲಿಗೆ ಬಂದಿರುವಾಗ ನೋಡಬೇಕಾದವನೇ ಕಣ್ಣು ಮುಚ್ಚಿಕೊಂಡರೆ ಗತಿಯೇನು! ಆದರೆ ಯಾರೂ ಬೇರೆ ನಿಲಯಕ್ಕೆ ಮುಳ್ಳು ತಿರುಗಿಸಲಿಲ್ಲ. ಹಾಲಿವುಡ್ಡಿನವರು ಕೆಲಸ ಕೊಡುತ್ತೇವೆಂದಾಗ, ಅಲ್ಲಿ ಫ್ಲಮೆಂಗೊ ಇಲ್ಲವಲ್ಲ ಎಂದು ಒಲ್ಲೆನೆಂದನೆಂಬ ಕಥೆಯನ್ನು ಬ್ರೆಜಿಲಿನವರು ಇಂದಿಗೂ ಹೇಳುತ್ತಾರೆ.

ಇವನಿಗೆ ತೀರ ವಿರುದ್ಧವಾದ ಮನುಷ್ಯ ನನ್ನ ಈ ಬರಹದ ನಾಯಕ, ಲಿಯೋನಿಡಾಸ್ ದ ಸಿಲ್ವ. ೧೯೧೩ರಲ್ಲಿ ರಿಯೊದಲ್ಲಿ ಹುಟ್ಟಿದ ಕಪ್ಪು ಜನಾಂಗದವನು. ಆತನ ಬಾಲ್ಯದ ಕಾಲಕ್ಕೆ ಅಲ್ಲಿನ ದೊಡ್ಡ ಕ್ಲಬ್ಬುಗಳು ಬಿಳಿಯ ಶ್ರೀಮಂತರ ಸ್ವತ್ತು. ೧೯೨೩ರಲ್ಲಿ ವಾಸ್ಕೊ ದ ಗಾಮ ಕ್ಲಬ್ಬು ಕಪ್ಪು ಜನರನ್ನೂ ಬಡ ಕೂಲಿಗಾರರನ್ನೂ ಕಟ್ಟಿಕೊಂಡು ರಿಯೊ ಪಂದ್ಯಾವಳಿ ಗೆದ್ದಿತು. ಉಳಿದ ಕ್ಲಬ್ಬುಗಳು ಮರುವರ್ಷ ಬೇರೆ ಸಂಘ ಕಟ್ಟಿ, ಆ ಹನ್ನೆರಡು ಮಂದಿಯನ್ನು ಹೊರಗೆ ಹಾಕಿದರೆ ಮಾತ್ರ ಒಳಗೆ ಬನ್ನಿ ಎಂದವು. ವಾಸ್ಕೊ ಒಪ್ಪಲಿಲ್ಲ. ಬಾಗಿಲು ಮೆಲ್ಲನೆ ತೆರೆಯಿತು. ೧೯೩೩ರಲ್ಲಿ ಆಟಕ್ಕೆ ಬಹಿರಂಗವಾಗಿ ಸಂಬಳ ಬಂದ ಮೇಲೆ ಚರ್ಮಕ್ಕಿಂತ ಕಾಲಿನ ಬೆಲೆ ಹೆಚ್ಚಾಯಿತು. ಆ ಬಾಗಿಲಿನಿಂದ ಒಳಗೆ ಬಂದವನು ಲಿಯೋನಿಡಾಸ್.

೧೯೩೮ರಲ್ಲಿ ವಿಶ್ವಕಪ್ ಫ್ರಾನ್ಸಿನಲ್ಲಿ ನಡೆಯಿತು. ಗಾಲ್ಯಾನೊ ನೆಟೊ ಎಂಬ ವಿವರಣಕಾರನ ಧ್ವನಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಬ್ರೆಜಿಲಿನ ಬೀದಿಗಳ ಧ್ವನಿವರ್ಧಕಗಳಿಗೆ ಬಂದು ತಲುಪಿತು. ಅಂಗಡಿ ಮುಂಗಟ್ಟುಗಳ ಮುಂದೆ ಜನಜಾತ್ರೆ. ಜೂನ್ ೫ರಂದು ಸ್ಟ್ರಾಸ್‌ಬರ್ಗಿನ ಕೆಸರಿನಲ್ಲಿ ಪೋಲೆಂಡಿನ ಮೇಲೆ ಬ್ರೆಜಿಲ್ ೬-೫ರಿಂದ ಗೆದ್ದಾಗ ಲಿಯೋನಿಡಾಸ್ ಮೂರು ಗೋಲು ಹೊಡೆದ. ಬೂಟು ಹರಿದು ಬರಿಗಾಲಿನಲ್ಲಿ ಒಂದನ್ನು ಹೊಡೆದನೆಂಬ ಮಾತೂ ಇದೆ. ಬರಿಗಾಲಿನ ಮಾತು ಬಂದಾಗ ನಮಗೆ ನಮ್ಮವರ ನೆನಪಾಗದೆ ಇರದು. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ, ಬಹುಮಂದಿ ಬರಿಗಾಲಿನಲ್ಲೇ ಆಡಿ ಫ್ರಾನ್ಸಿಗೆ ೨-೧ರಿಂದ ಸೋತ ಭಾರತ ತಂಡದ ಆ ಒಂದೇ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್.

ಸೆಮಿಫೈನಲಿನಲ್ಲಿ ಲಿಯೋನಿಡಾಸ್ ಆಡಲಿಲ್ಲ. ಇಟಲಿ ೨-೧ರಿಂದ ಗೆದ್ದಿತು. ದೇಶಕ್ಕೇ ದುರಂತ ಬಂದಂತೆ ಜನ ದುಃಖಿಸಿದರೆಂದು ಅಂದಿನ ಅಧ್ಯಕ್ಷ ವರ್ಗಾಸ್ ತನ್ನ ದಿನಚರಿಯಲ್ಲಿ ಬರೆದುಕೊಂಡ. ಕಂಡವರು ಬೆರಳೆಣಿಕೆ, ಕೇಳಿದವರು ಲಕ್ಷಾಂತರ. ಒಟ್ಟು ಏಳು ಗೋಲು ಹೊಡೆದು ಆ ಪಂದ್ಯಾವಳಿಗೇ ಮೊದಲಿಗನಾಗಿ ಊರಿಗೆ ಬಂದ ಲಿಯೋನಿಡಾಸನಿಗೆ ‘ಕಪ್ಪು ವಜ್ರ’ ಎಂಬ ಬಿರುದು ನಿಂತಿತು. ಆ ಬಿರುದಿನ ಚಾಕಲೇಟು ಇಂದಿಗೂ ಅಲ್ಲಿ ಮಾರಾಟವಾಗುತ್ತದೆ.

ಹೂವಿನ ಹಾರ ಹಾಕಿದ ಜನವೇ ಕಲ್ಲನ್ನೂ ಎತ್ತಿಕೊಳ್ಳುತ್ತದೆ. ಸೈನ್ಯದ ಸೇವೆಯಿಂದ ವಿನಾಯಿತಿ ಪಡೆಯಲು ಸುಳ್ಳು ಪತ್ರ ಮಾಡಿಸಿದ ಅಪರಾಧಕ್ಕೆ ೧೯೪೧ರಲ್ಲಿ ಆತ ಎಂಟು ತಿಂಗಳು ಸೆರೆಯಲ್ಲಿದ್ದ. ೧೯೪೨ರಲ್ಲಿ ಸಾವೊ ಪಾಲೊ ಕ್ಲಬ್ಬು ಇನ್ನೂರು ಕೊಂಟೊಗಳೆಂಬ ಆ ಕಾಲದ ಭಾರಿ ಮೊತ್ತಕ್ಕೆ ಆತನನ್ನು ಕೊಂಡಾಗ, ‘ಇನ್ನೂರು ಕೊಂಟೊದ ಟ್ರಾಮು’ ಎಂದು ಗೇಲಿ ಮಾಡಿದರು. ಹಳ್ಳಿಯ ಮುಗ್ಧರಿಗೆ ನಗರದ ಮೋಸಗಾರರು ಬೀದಿಯ ಟ್ರಾಮನ್ನೇ ಮಾರಿಬಿಡುತ್ತಿದ್ದರಂತೆ. ಅದರಿಂದ ಬಂದ ಮಾತು. ಆದರೆ ರೈಲು ನಿಲ್ದಾಣದಲ್ಲಿ ಸಾವಿರಾರು ಜನ ಆತನನ್ನು ಹೆಗಲ ಮೇಲೆ ಹೊತ್ತರು. ಮೊದಲ ಪಂದ್ಯಕ್ಕೆ ಪಕಾಯೆಂಬು ಮೈದಾನದಲ್ಲಿ ಎಪ್ಪತ್ತು ಸಾವಿರ ಮಂದಿ ಕಿಕ್ಕಿರಿದರು. ಆ ‘ಟ್ರಾಮು’ ಕ್ಲಬ್ಬಿಗೆ ೧೯೪೩ರಿಂದ ೧೯೪೯ರೊಳಗೆ ಐದು ಬಾರಿ ಪ್ರಾಂತದ ಪ್ರಶಸ್ತಿ ತಂದುಕೊಟ್ಟಿತು.

ಆಟ ಬಿಟ್ಟ ಮೇಲೆ, ೧೯೫೦ರ ದಶಕದಲ್ಲಿ, ಲಿಯೋನಿಡಾಸ್ ಸಾವೊ ಪಾಲೊದಲ್ಲಿ ರೇಡಿಯೊ ವ್ಯಾಖ್ಯಾನಕಾರನಾದ. ಬ್ರೆಜಿಲಿನ ರೇಡಿಯೊದಲ್ಲಿ ಇಬ್ಬರು ಕೂರುತ್ತಾರೆ: ಒಬ್ಬ ಚೆಂಡಿನೊಡನೆ ಓಡುವವನು, ಇನ್ನೊಬ್ಬ ವಿರಾಮದಲ್ಲಿಯೂ ಕೊನೆಯಲ್ಲಿಯೂ ಅರ್ಥ ಹೇಳುವವನು. ನಮ್ಮ ಗಮಕದಂತೆಯೇ, ಒಬ್ಬರು ಕಾವ್ಯವನ್ನು ವಾಚಿಸುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಈ ಎರಡನೆಯ ಪೀಠದಲ್ಲಿ ಲಿಯೋನಿಡಾಸ್ ಎರಡು ದಶಕಗಳ ಕಾಲ ಕುಳಿತ. ನೇರವಾದ, ಕೆಲವೊಮ್ಮೆ ಚುಚ್ಚುವ ಮಾತು. ಯಾರ ದಾಕ್ಷಿಣ್ಯವೂ ಇಲ್ಲ. ಶ್ರೇಷ್ಠ ವ್ಯಾಖ್ಯಾನಕಾರನೆಂದು ಪ್ರಶಸ್ತಿಗಳೂ ಬಂದವು. ಕಪ್ಪು ಮನುಷ್ಯನ ಕಾಲಿಗೆ ಜೈಕಾರ ಹಾಕಿದ ಸಮಾಜ ಅವನ ಬುದ್ಧಿಯ ಮಾತನ್ನೂ ಕಿವಿಗೊಟ್ಟು ಕೇಳಿತು ಎಂಬುದು ನನಗೆ ಆ ಏಳು ಗೋಲುಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಏಕೆಂದರೆ ಅದೇ ಹೊತ್ತಿನಲ್ಲಿ ಇನ್ನೊಬ್ಬ ಕಪ್ಪು ಮನುಷ್ಯ ಬಾಯಿ ಕಟ್ಟಿಸಿಕೊಂಡು ಬದುಕುತ್ತಿದ್ದ. ೧೯೫೦ರ ಜುಲೈ ೧೬ರಂದು ಮರಕಾನಾದಲ್ಲಿ ಬ್ರೆಜಿಲಿಗೆ ಉರುಗ್ವೆಯ ಎದುರು ಸಮ ಮಾಡಿಕೊಂಡರೂ ವಿಶ್ವಕಪ್ ಬರುವುದಿತ್ತು. ಟಿಕೆಟು ಕೊಂಡವರೇ ೧,೭೩,೮೫೦ ಮಂದಿ. ಮೊದಲು ಬ್ರೆಜಿಲ್ ಹೊಡೆಯಿತು. ಉರುಗ್ವೆ ಸಮ ಮಾಡಿತು. ೭೯ನೆಯ ನಿಮಿಷದಲ್ಲಿ ಗೀಜಿಯ ಎರಡನೆಯದನ್ನೂ ಹೊಡೆದ. ರೇಡಿಯೊದ ಲೂಯಿಸ್ ಮೆಂಡಿಸ್ ‘ಉರುಗ್ವೆಯ ಗೋಲು’ ಎಂಬ ಒಂದೇ ಮಾತನ್ನು ಮೊದಲು ಸುದ್ದಿಯಂತೆ, ಆಮೇಲೆ ಪ್ರಶ್ನೆಯಂತೆ, ಆಮೇಲೆ ನಂಬಲಾರದವನಂತೆ ಮತ್ತೆ ಮತ್ತೆ ಹೇಳಿದ. ಬೌರು ಎಂಬ ಊರಿನ ಒಂದು ಮನೆಯಲ್ಲಿ, ರೇಡಿಯೊದ ಬಳಿ ಅಳುತ್ತಿದ್ದ ತಂದೆಗೆ ಒಂಬತ್ತು ವರ್ಷದ ಹುಡುಗನೊಬ್ಬ, ಅಳಬೇಡ, ನಿನಗಾಗಿ ಕಪ್ ನಾನು ಗೆದ್ದು ತರುತ್ತೇನೆಂದ. ಎಂಟು ವರ್ಷಗಳಲ್ಲಿ ತಂದೂಬಿಟ್ಟ. ಆ ಹುಡುಗ ಪೆಲೆ.

ಆದರೆ ಗೋಲಿ ಬಾರ್ಬೋಸನಿಗೆ ಅಂಥ ಮಗನ ಮಾತು ಸಿಗಲಿಲ್ಲ. ಎಡಗಡೆಯ ಆ ಒಂದು ಗೇಣು ಜಾಗವನ್ನು ಕಾಯದೆ ಬಿಟ್ಟನೆಂದು ದೇಶ ಆತನನ್ನು ಕ್ಷಮಿಸಲಿಲ್ಲ. ೧೯೯೩ರಲ್ಲಿ, ವಯಸ್ಸಾದ ಬಾರ್ಬೋಸ ರಾಷ್ಟ್ರೀಯ ತಂಡದ ಆಟಗಾರರನ್ನು ಕಾಣಲು ಹೋದರೆ, ಅಪಶಕುನವೆಂದು ಬಾಗಿಲಿನಿಂದಲೇ ಕಳುಹಿಸಿದರು. ತನ್ನ ದೇಶದ ಕಾನೂನಿನಲ್ಲಿ ಅತಿ ದೊಡ್ಡ ಶಿಕ್ಷೆಯೂ ಮೂವತ್ತು ವರ್ಷಕ್ಕೆ ಮುಗಿಯುತ್ತದೆ, ತನ್ನದು ಐವತ್ತಾದರೂ ಮುಗಿದಿಲ್ಲವೆಂದು ಆತ ಕೊನೆಗಾಲದಲ್ಲಿ ನೊಂದು ಹೇಳಿದ. ೨೦೦೦ದ ಏಪ್ರಿಲಿನಲ್ಲಿ ತೀರಿಕೊಂಡ.

ಅಭಿಮಾನದ ಹುಚ್ಚಿನಲ್ಲಿ ಪ್ರೀತಿ ಎಷ್ಟಿದೆಯೋ ಕ್ರೌರ್ಯವೂ ಅಷ್ಟೇ ಇದೆ. ಆಡಿ ಬಂದವನು ಮೈಕಿನ ಮುಂದೆ ಬೇಕಾಗುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಒದ್ದೆ ಚೆಂಡು ಕೈಯಿಂದ ಜಾರುವುದೇನೆಂದು, ಅರ್ಧ ಕ್ಷಣದಲ್ಲಿ ಎಡಕ್ಕೋ ಬಲಕ್ಕೋ ಎಂದು ತೀರ್ಮಾನಿಸುವುದೇನೆಂದು ಅವನ ಮೈಗೆ ಗೊತ್ತು. ಅವನು ಬಯ್ದರೂ ಆ ಬೈಗುಳಕ್ಕೆ ಅಳತೆಯಿರುತ್ತದೆ.

ಹಾಗೆಂದು ಆಡಿದವನೇ ಸರ್ವಜ್ಞನೆಂದಲ್ಲ. ಜೋವಾವ್ ಸಾಲ್ದಾನ್ಯ ಯೌವನದಲ್ಲಿ ಬೊಟಾಫೊಗೊ ತಂಡದಲ್ಲಿ ಸ್ವಲ್ಪ ಕಾಲ ಚೆಂಡೊದ್ದವನು, ೧೯೫೭ರಲ್ಲಿ ಅದೇ ತಂಡದ ತರಬೇತುದಾರನಾಗಿ ರಿಯೊ ಪ್ರಶಸ್ತಿ ಗೆದ್ದವನು, ಆಮೇಲೆ ರೇಡಿಯೊದಲ್ಲಿ ನಾಡಿಗೇ ಬೇಕಾದ ನಾಲಗೆಯಾದವನು; ಜೊತೆಗೆ ಕಮ್ಯುನಿಸ್ಟ್. ಇಷ್ಟು ಬಯ್ಯುತ್ತೀಯಲ್ಲ, ನೀನೇ ನಡೆಸಿ ತೋರಿಸು ಎಂಬಂತೆ ೧೯೬೯ರಲ್ಲಿ ರಾಷ್ಟ್ರೀಯ ತಂಡವನ್ನೇ ಆತನಿಗೆ ಒಪ್ಪಿಸಿದರು. ವಿಶ್ವಕಪ್ ಅರ್ಹತೆಯ ಆರು ಪಂದ್ಯಗಳಲ್ಲಿ ಆರನ್ನೂ ಗೆದ್ದ. ೨೩ ಗೋಲು ಹೊಡೆಸಿ ಎರಡನ್ನು ಮಾತ್ರ ಬಿಟ್ಟುಕೊಟ್ಟ. ಸೈನಿಕ ಸರ್ಕಾರದ ಅಧ್ಯಕ್ಷ ಮೆಡಿಸಿ ತನಗೆ ಇಷ್ಟವಾದ ಆಟಗಾರನೊಬ್ಬನನ್ನು ಸೇರಿಸಬೇಕೆಂದಾಗ, ಮಂತ್ರಿಗಳನ್ನು ಅವರು ಆರಿಸಿಕೊಳ್ಳಲಿ, ತಂಡವನ್ನು ನಾನು ಆರಿಸುತ್ತೇನೆಂಬ ಅರ್ಥದ ಉತ್ತರ ಕೊಟ್ಟ. ಪೆಲೆಯ ಆಟದ ಬಗ್ಗೆಯೂ ಅನುಮಾನದ ಮಾತಾಡಿದ. ೧೯೭೦ರ ಮಾರ್ಚಿನಲ್ಲಿ ಕೆಲಸ ಹೋಯಿತು, ಜಗಾಲೊ ಬಂದ, ಪೆಲೆಯೊಡನೆ ಬ್ರೆಜಿಲ್ ಕಪ್ ಗೆದ್ದಿತು. ಸಾಲ್ದಾನ್ಯ ಮರಳಿ ಮೈಕಿಗೇ ಬಂದ. ೧೯೯೦ರಲ್ಲಿ ಕಾಯಿಲೆಯ ಮೈಯನ್ನು ಹೊತ್ತುಕೊಂಡು ವಿಶ್ವಕಪ್ ವರದಿಗೆಂದು ರೋಮಿಗೆ ಹೋದವನು, ಪಂದ್ಯಾವಳಿ ಮುಗಿದ ಕೆಲವೇ ದಿನಗಳಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದ.

ಈ ಹುಚ್ಚಿನ ಒಂದು ಕಿಡಿ ಬೆಂಗಳೂರಿಗೂ ಹಾರಿ ಬಂದಿದೆ. ಅಲಸೂರಿನ ಬಳಿಯ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಮೂರ್ತಿಗಳ ಜೊತೆಗೆ ಪೆಲೆಯದೂ ಒಂದಿದೆ. ವಿಶ್ವಕಪ್ ಬಂದರೆ ಆ ಬೀದಿಗಳಿಗೆ ಹಳದಿ ಹಸಿರು ಬಣ್ಣ ಏರುತ್ತದೆ. ಆ ಬಡಾವಣೆಯನ್ನು ಕಂಡಾಗಲೆಲ್ಲ ನನಗೆ ಪೆಲೆಗಿಂತ ಮೊದಲು ನೆನಪಾಗುವವನು ಲಿಯೋನಿಡಾಸ್. ಆತನಿಗೆ ಅಲ್ಲಿ ಮೂರ್ತಿಯಿಲ್ಲದಿದ್ದರೂ.

ಎಪ್ಪತ್ತರ ದಶಕದಲ್ಲಿ ಲಿಯೋನಿಡಾಸ್ ಮೈಕಿನಿಂದ ದೂರವಾದ. ಮರೆವಿನ ರೋಗ ಹಿಡಿಯಿತು. ಕೊನೆಯ ವರ್ಷಗಳನ್ನು ಸಾವೊ ಪಾಲೊ ಬಳಿಯ ಆರೈಕೆಯ ಮನೆಯೊಂದರಲ್ಲಿ ಕಳೆದು, ೨೦೦೪ರ ಜನವರಿ ೨೪ರಂದು ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ. ತಾನು ಹೊಡೆದ ಗೋಲೂ ತಾನು ಆಡಿದ ಮಾತೂ ಆತನಿಂದ ಒಂದೊಂದಾಗಿ ಜಾರಿಹೋದವು. ಆ ಗೋಲುಗಳಲ್ಲಿ ಹೆಚ್ಚಿನವಕ್ಕೆ ಚಲನಚಿತ್ರವಿಲ್ಲ. ಅವು ಉಳಿದದ್ದು, ೧೯೩೮ರಲ್ಲಿ ಧ್ವನಿವರ್ಧಕದ ಕೆಳಗೆ ನಿಂತು ಕೇಳಿದವರು ಮಕ್ಕಳಿಗೆ ಹೇಳಿದ್ದರಿಂದ, ಆ ಮಕ್ಕಳು ತಮ್ಮ ಮಕ್ಕಳಿಗೆ ಹೇಳಿದ್ದರಿಂದ. ಕಾಲು ಆಡಿದ ಮಾತನ್ನು ಬಾಯಿ ಕಾಪಾಡಿತು. ಅದಕ್ಕಿಂತ ಹೆಚ್ಚಿನ ಕೆಲಸವನ್ನು ಬಾಯಿಯಿಂದ ನಾನಂತೂ ನಿರೀಕ್ಷಿಸುವುದಿಲ್ಲ.