ನೋವಾ ಫ್ರಿಬುರ್ಗೊದ ಸ್ವಿಸ್ ವಲಸಿಗರು

ನೋವಾ ಫ್ರಿಬುರ್ಗೊದ ಸ್ವಿಸ್ ವಲಸಿಗರು 1819–20ರಲ್ಲಿ ಸ್ವಿಟ್ಜರ್ಲೆಂಡಿನಿಂದ ಬ್ರೆಜಿಲ್‌ಗೆ ತೆರಳಿ, ಇಂದಿನ ರಿಯೊ ಡಿ ಜನೈರೊ ರಾಜ್ಯದ ಬೆಟ್ಟಸೀಮೆಯಲ್ಲಿ ನೆಲೆಸಿದ ಸಮುದಾಯ. ಫ್ರಿಬೂರ್ ಎಂಬ ಸ್ವಿಸ್ ಪ್ರಾಂತ್ಯದಿಂದ ಬಂದ ಊರಿನ ಹೆಸರಿಗೆ 'ಹೊಸ ಫ್ರಿಬೂರ್' ಎಂದರ್ಥ.

ಹಿನ್ನೆಲೆ

1815ರಲ್ಲಿ ಇಂಡೊನೇಷ್ಯಾದ ತಂಬೊರಾ ಜ್ವಾಲಾಮುಖಿ ಸ್ಫೋಟಿಸಿತು. ಅದರ ಪರಿಣಾಮವಾಗಿ 1816ರಲ್ಲಿ ಯುರೋಪು ಬೇಸಿಗೆಯನ್ನೇ ಕಾಣಲಿಲ್ಲ. ಬೆಳೆ ನಾಶವಾಗಿ ಸ್ವಿಟ್ಜರ್ಲೆಂಡಿನಲ್ಲಿ ಕ್ಷಾಮ ತಲೆದೋರಿತು. ಆಗ ರಿಯೊದಿಂದಲೇ ಆಳುತ್ತಿದ್ದ ಪೋರ್ಚುಗಲ್ ದೊರೆ 6ನೇ ಜೊವಾವೊ, 1818ರಲ್ಲಿ ಫ್ರಿಬೂರ್ ಪ್ರಾಂತ್ಯದ ಪ್ರತಿನಿಧಿ ಗಾಶೆಯೊಡನೆ ಒಪ್ಪಂದ ಮಾಡಿಕೊಂಡನು. ಅದರಂತೆ 100 ಕ್ಯಾಥೊಲಿಕ್ ಕುಟುಂಬಗಳಿಗೆ ಪ್ರಯಾಣವೆಚ್ಚ, ಭೂಮಿ, ಜಾನುವಾರು ಹಾಗೂ ಬಿತ್ತನೆ ಬೀಜ ದೊರೆಯಬೇಕಿತ್ತು.

ಪ್ರಯಾಣ

ಆದರೆ 1819ರ ಜುಲೈನಲ್ಲಿ ಹಲವು ಪ್ರಾಂತ್ಯಗಳಿಂದ ಹೊರಟವರು ಸುಮಾರು 2,000 ಮಂದಿ. ರೈನ್ ನದಿಯ ಮಾರ್ಗವಾಗಿ ನೆದರ್ಲೆಂಡ್ಸ್ ತಲುಪಿದ ಅವರು, ಹಡಗುಗಳಿಗಾಗಿ ಅಲ್ಲಿನ ಜೌಗು ಪ್ರದೇಶದಲ್ಲಿ ವಾರಗಟ್ಟಲೆ ಕಾಯಬೇಕಾಯಿತು. ಅಲ್ಲಿ ಅಂಟಿದ ಜ್ವರ ಹಡಗಿನಲ್ಲಿಯೂ ಬೆನ್ನುಬಿಡಲಿಲ್ಲ. ಗುರಿ ಸೇರುವ ಮೊದಲೇ 300ಕ್ಕೂ ಹೆಚ್ಚು ಜನ ಅಸುನೀಗಿದರು.

ನೆಲೆಯೂರುವಿಕೆ

ಒಪ್ಪಂದದ ಲೆಕ್ಕದಂತೆ ವಸಾಹತಿನಲ್ಲಿ ಸಿದ್ಧವಾಗಿದ್ದುದು 100 ಮನೆಗಳು ಮಾತ್ರ. ಹೀಗಾಗಿ ಸಂಬಂಧವಿಲ್ಲದವರನ್ನೂ ಒಟ್ಟುಗೂಡಿಸಿ 'ಕೃತಕ ಕುಟುಂಬ'ಗಳನ್ನು ರಚಿಸಲಾಯಿತು. ಮನೆ, ಜಮೀನುಗಳ ಹಂಚಿಕೆಯೂ ಈ ಕುಟುಂಬಗಳ ಲೆಕ್ಕದಲ್ಲಿಯೇ ನಡೆಯಿತು. ಕಡಿದಾದ, ಕಲ್ಲುಮಯ ಭೂಮಿಯಲ್ಲಿ ಮೊದಲ ಬೆಳೆಗಳು ಕೈಕೊಟ್ಟವು. ಅನೇಕರು ಊರು ತೊರೆದು, ಕಾಫಿ ಕೃಷಿಗೆ ಒದಗುವ ಕಾಂತಗಾಲೊ ಪ್ರದೇಶಕ್ಕೆ ವಲಸೆ ಹೋದರು. ಅಲ್ಲಿ ಕೆಲವರು ಸಿರಿವಂತರಾದರು. ಆ ಸಿರಿಯ ಹಿಂದೆ ಆಫ್ರಿಕಾ ಮೂಲದ ಗುಲಾಮರ ದುಡಿಮೆಯಿತ್ತು. ಹಸಿವಿನಿಂದ ದೇಶ ಬಿಟ್ಟು ಬಂದವರಲ್ಲಿ ಕೆಲವರು ಹೀಗೆ ಗುಲಾಮರ ಒಡೆಯರಾದುದು ಈ ಇತಿಹಾಸದ ಮತ್ತೊಂದು ಮುಖ. 1824ರಲ್ಲಿ ಜರ್ಮನ್ ಪ್ರಾಟೆಸ್ಟಂಟ್ ವಲಸಿಗರು ನೋವಾ ಫ್ರಿಬುರ್ಗೊಗೆ ಬಂದು ನೆಲೆಸಿದರು.

ಪರಂಪರೆ

ಕಾಲಕ್ರಮೇಣ ವಲಸಿಗರ ಸಂತತಿಯವರು ಪೋರ್ಚುಗೀಸ್ ಭಾಷೆಯನ್ನೇ ತಮ್ಮದಾಗಿಸಿಕೊಂಡರು. ಸ್ವಿಸ್ ಮೂಲದ ಕುಲನಾಮಗಳು ಮಾತ್ರ ಇಂದಿಗೂ ಈ ಭಾಗದಲ್ಲಿ ಉಳಿದಿವೆ. ಸ್ವಿಸ್ ಇತಿಹಾಸಕಾರ ಮಾರ್ಟಿನ್ ನಿಕೂಲೆನ್ 1970ರ ದಶಕದಲ್ಲಿ ಈ ವಲಸೆಯ ಕುರಿತು ಪ್ರಕಟಿಸಿದ ಸಂಶೋಧನೆಯ ತರುವಾಯ, ದೀರ್ಘಕಾಲ ಕಡಿದುಹೋಗಿದ್ದ ಎರಡು ಫ್ರಿಬೂರ್‌ಗಳ ನಡುವಣ ಸಂಪರ್ಕ ಮತ್ತೆ ಏರ್ಪಟ್ಟಿತು.