ಕಡಲಿನ ಹುಯ್ಯಲು: ದಿಟವೂ ಹುಸಿಯೂ

ಆಪತ್ತಿನಲ್ಲಿ ಸಿಕ್ಕಿದವನು ನೆರವಿಗಾಗಿ ಕೂಗುವುದು ಮನುಷ್ಯಕುಲದಷ್ಟೇ ಪುರಾತನವಾದ ರೂಢಿ. ಆ ಕೂಗಿಗೆ ಹಳಗನ್ನಡದಲ್ಲಿ ‘ಪುಯ್ಯಲ್’ ಎಂದು ಹೆಸರು. ಅದೇ ಮುಂದೆ ‘ಹುಯ್ಯಲು’ ಆಯಿತು. ಊರಿನ ತುರುಗಳನ್ನು ಕಳ್ಳರು ಅಟ್ಟಿಕೊಂಡು ಹೋದಾಗ ಹುಯ್ಯಲು ಏಳುತ್ತಿತ್ತು. ಅದನ್ನು ಕೇಳಿದ ವೀರನು ಕೈಗೆ ಸಿಕ್ಕ ಆಯುಧವನ್ನು ಹಿಡಿದು ಬೆನ್ನಟ್ಟುತ್ತಿದ್ದನು; ತುರುಗಳನ್ನು ಮರಳಿಸಿ ತಾನು ಮಡಿದುದೂ ಉಂಟು. ಅಂಥವರ ನೆನಪಿಗೆ ನಿಲ್ಲಿಸಿದ ವೀರಗಲ್ಲುಗಳು ನಮ್ಮ ಧರ್ಮಪುರಿ ಸೀಮೆಯಲ್ಲಿ ಹೇರಳವಾಗಿವೆ. ಧರ್ಮಪುರಿಯ ವಸ್ತುಸಂಗ್ರಹಾಲಯಕ್ಕೆ ಹೋದ ವಿದ್ಯಾರ್ಥಿಗಳು ಅವುಗಳನ್ನು ಕಂಡಿರಬಹುದು.

ಆ ವೀರನು ಹಿಂದುಮುಂದು ನೋಡದೆ ಹೊರಟುದು ಏತರ ಬಲದಿಂದ? ಕೂಗಿದವರು ಯಾರು, ಕೂಗು ಯಾವ ದಿಕ್ಕಿನಿಂದ ಬಂದಿತು ಎಂಬೆರಡು ಸಂಗತಿಗಳು ಅವನಿಗೆ ತಿಳಿದಿದ್ದವು. ಊರಿನಲ್ಲಿ ದನಿಗೆ ಗುರುತು ಉಂಟು. ಕಡಲಿನಲ್ಲಿ ಈ ಎರಡೂ ಇಲ್ಲ. ಅಲ್ಲಿ ದನಿಯು ಹತ್ತು ಮಾರು ದಾಟುವುದಿಲ್ಲ, ದಾಟಿದರೂ ಕೇಳುವವರಿಲ್ಲ. ಕಡಲಿನ ಹುಯ್ಯಲನ್ನು ದಡಕ್ಕೆ ಮುಟ್ಟಿಸುವುದು ಹೇಗೆ, ಮುಟ್ಟಿದ ಹುಯ್ಯಲನ್ನು ನಂಬುವುದು ಹೇಗೆ ಎಂಬ ಎರಡು ಪ್ರಶ್ನೆಗಳಿಗೆ ಮನುಷ್ಯನು ಕಂಡುಕೊಂಡ ಉತ್ತರಗಳ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಲಾಗಿದೆ.

ಬಹುಕಾಲ ನಾವಿಕರು ಬೆಂಕಿ, ಬಾವುಟ, ತೋಪಿನ ಸದ್ದು, ಆಕಾಶಬಾಣ ಇವುಗಳನ್ನೇ ನಂಬಿದ್ದರು. ಇವು ಕಣ್ಣಿನ ಮತ್ತು ಕಿವಿಯ ಎಲ್ಲೆಯೊಳಗಿನವು. ನಿಸ್ತಂತು ಬಂದ ಮೇಲೆ ಎಲ್ಲೆ ಅಳಿಯಿತು. 1906ರಲ್ಲಿ ಬರ್ಲಿನ್ನಿನಲ್ಲಿ ಕೂಡಿದ ರಾಷ್ಟ್ರಗಳ ಸಮ್ಮೇಳನವು ಮೂರು ಚುಕ್ಕೆ, ಮೂರು ಗೆರೆ, ಮೂರು ಚುಕ್ಕೆಗಳ ‘ಎಸ್.ಓ.ಎಸ್.’ ಸಂಕೇತವನ್ನು ಒಪ್ಪಿತು. ಅದು 1908ರಲ್ಲಿ ಜಾರಿಗೆ ಬಂದಿತು. ಇದು ಯಾವ ಮಾತಿನ ಸಂಕ್ಷೇಪವೂ ಅಲ್ಲ; ಸುಲಭವಾಗಿ ಗುರುತಿಸಬಹುದಾದ ಲಯವೆಂದೇ ಆರಿಸಿದುದು.

1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗು ನೀರ್ಗಲ್ಲಿಗೆ ತಾಗಿದಾಗ ಈ ಸಂಕೇತದ ಶಕ್ತಿಯೂ ದೌರ್ಬಲ್ಯವೂ ಒಟ್ಟಿಗೆ ಬಯಲಾದವು. ಕರೆಯನ್ನು ಕೇಳಿದ ಕಾರ್ಪೇಥಿಯಾ ಹಡಗು ಧಾವಿಸಿ ಬಂದು ಸುಮಾರು 700 ಮಂದಿಯನ್ನು ಎತ್ತಿಕೊಂಡಿತು. ಇನ್ನೂ ಸಮೀಪದಲ್ಲಿದ್ದ ಕ್ಯಾಲಿಫೋರ್ನಿಯನ್ ಹಡಗಿನ ನಿಸ್ತಂತು ನೌಕರನು ಸ್ವಲ್ಪ ಹೊತ್ತಿಗೆ ಮುಂಚೆ ಯಂತ್ರವನ್ನು ನಿಲ್ಲಿಸಿ ಮಲಗಿದ್ದನು. ಆ ಹಡಗಿನವರು ಆಕಾಶಬಾಣಗಳನ್ನು ಕಂಡರು. ಅವು ಆಪತ್ತಿನ ಗುರುತೆಂದು ಬಗೆಯಲಿಲ್ಲ. 1500ಕ್ಕೂ ಹೆಚ್ಚು ಜನ ನೀರುಪಾಲಾದರು. ಅತ್ತ ದಡದಲ್ಲಿ ನಿಸ್ತಂತು ಸುದ್ದಿಗಳ ಗೊಂದಲದಲ್ಲಿ, ಪ್ರಯಾಣಿಕರೆಲ್ಲರೂ ಸುರಕ್ಷಿತರೆಂಬ ಹುಸಿವಾರ್ತೆ ವೃತ್ತಪತ್ರಿಕೆಗಳಲ್ಲಿ ಅಚ್ಚಾಯಿತು. ಅದೇ ವರ್ಷ ಅಮೆರಿಕೆಯು ನಿಸ್ತಂತು ಕಾನೂನೊಂದನ್ನು ಮಾಡಿ, ಪರವಾನೆಯಿಲ್ಲದೆ ಯಾರೂ ಸಂದೇಶವನ್ನು ಬಿತ್ತರಿಸಬಾರದೆಂದೂ, ತಿಳಿದೂ ತಿಳಿದೂ ಹುಸಿ ಆಪತ್ಕರೆಯನ್ನು ಕೊಡುವುದು ಅಪರಾಧವೆಂದೂ ವಿಧಿಸಿತು. ಕೂಗುವವನಿಗೆ ಒಂದು ಹೆಸರಿರಬೇಕು ಎಂಬ ತತ್ತ್ವ ಅಂದು ಕಾನೂನಿನ ರೂಪವನ್ನು ತಾಳಿತು. 1914ರ ಅಂತರರಾಷ್ಟ್ರೀಯ ಒಪ್ಪಂದವು ದೊಡ್ಡ ಹಡಗುಗಳಲ್ಲಿ ಹಗಲಿರುಳೂ ಕಿವಿಗೊಟ್ಟು ಕೂರುವವರಿರಬೇಕೆಂದಿತು. ಕೂಗುವವನ ಹೊಣೆಯೊಡನೆ ಕೇಳುವವನ ಹೊಣೆಯೂ ಹೀಗೆ ಗೊತ್ತಾಯಿತು.

ಆದರೆ ಹಡಗು ಮುಳುಗುವಾಗ, ವಿಮಾನ ಬೀಳುವಾಗ ಯಂತ್ರದ ಮುಂದೆ ಕುಳಿತು ಸಂದೇಶ ಕಳುಹಿಸಲು ಯಾರಿಗೆ ತಾನೆ ವ್ಯವಧಾನ? ತಾನಾಗಿಯೇ ಕೂಗುವ ಸಣ್ಣ ಯಂತ್ರವೊಂದು ಬೇಕಾಯಿತು. ಅದೇ ‘ಬೀಕನ್’, ಅಂದರೆ ಆಪತ್ಸೂಚಕ. ಅಪ್ಪಳಿಸಿದಾಗ ಅಥವಾ ನೀರಿಗೆ ಬಿದ್ದಾಗ ಅದು ರೇಡಿಯೋ ತರಂಗಗಳನ್ನು ಹೊರಡಿಸತೊಡಗುತ್ತದೆ. 1972ರ ಅಕ್ಟೋಬರಿನಲ್ಲಿ ಅಲಾಸ್ಕದಲ್ಲಿ ಅಮೆರಿಕೆಯ ಶಾಸನಸಭೆಯ ಇಬ್ಬರು ಸದಸ್ಯರಾದ ಹೇಲ್ ಬಾಗ್ಸ್ ಮತ್ತು ನಿಕ್ ಬೆಗಿಚ್ ಪ್ರಯಾಣ ಮಾಡುತ್ತಿದ್ದ ಸಣ್ಣ ವಿಮಾನವು ಕಾಣೆಯಾಯಿತು. 39 ದಿನ ಹುಡುಕಿದರೂ ಕುರುಹು ದೊರೆಯಲಿಲ್ಲ. ಬೀಕನ್ನಿನ ಆವಶ್ಯಕತೆಯನ್ನು ಈ ಘಟನೆ ಎಲ್ಲರಿಗೂ ಮನಗಾಣಿಸಿತು.

ಬೀಕನ್ ಕೂಗಿದರೆ ಸಾಲದು. ವಿಶಾಲವಾದ ಕಡಲ ಮೇಲೆ ಅದನ್ನು ಕೇಳುವ ಕಿವಿ ಬೇಕು. ಆ ಕಿವಿಯನ್ನು ಆಕಾಶದಲ್ಲಿಡಲು 1979ರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ, ಕೆನಡ, ಫ್ರಾನ್ಸ್ ದೇಶಗಳು ಒಪ್ಪಂದ ಮಾಡಿಕೊಂಡವು. ಪರಸ್ಪರ ಶಂಕೆಯ ಆ ಕಾಲದಲ್ಲಿ ಎದುರಾಳಿಗಳು ಕಡಲಿನಲ್ಲಿ ಸಾಯುವವನ ವಿಷಯದಲ್ಲಿ ಕೈಗೂಡಿಸಿದುದು ಸ್ಮರಣೀಯವಾದ ಸಂಗತಿ. ಈ ವ್ಯವಸ್ಥೆಗೆ ಕಾಸ್ಪಾಸ್-ಸಾರ್ಸ್ಯಾಟ್ ಎಂದು ಹೆಸರು. ಅದರ ಮೊದಲ ಉಪಗ್ರಹವಾದ ಕಾಸ್ಮಾಸ್ 1383 ಅನ್ನು ಸೋವಿಯತ್ ದೇಶವು 1982ರ ಜೂನ್ 30ರಂದು ಹಾರಿಸಿತು. ಅದೇ ಸೆಪ್ಟೆಂಬರಿನಲ್ಲಿ ಕೆನಡದ ಬೆಟ್ಟಗಾಡಿನಲ್ಲಿ ಬಿದ್ದಿದ್ದ ಸಣ್ಣ ವಿಮಾನವೊಂದರ ಕರೆಯನ್ನು ಅದು ಹಿಡಿಯಿತು, ಮೂವರು ಬದುಕಿದರು.

ಎಲ್ಲಿಂದ ಕೂಗು ಬಂದಿತೆಂದು ಉಪಗ್ರಹಕ್ಕೆ ತಿಳಿಯುವುದು ಹೇಗೆ? ಬೊಮ್ಮಿಡಿ ನಿಲ್ದಾಣದಲ್ಲಿ ನಿಲ್ಲದೆ ಹೋಗುವ ರೈಲಿನ ಸಿಳ್ಳನ್ನು ಗಮನಿಸಿದವರಿಗೆ ಉತ್ತರ ಸುಲಭ. ರೈಲು ಹತ್ತಿರ ಬರುವಾಗ ಸಿಳ್ಳು ಏರುದನಿಯಲ್ಲಿರುತ್ತದೆ. ನಮ್ಮನ್ನು ದಾಟಿದೊಡನೆ ಇಳಿದನಿಯಾಗುತ್ತದೆ. 1842ರಲ್ಲಿ ಡಾಪ್ಲರ್ ಎಂಬ ವಿಜ್ಞಾನಿ ವಿವರಿಸಿದ ತತ್ತ್ವವಿದು. ದನಿ ಬದಲಾಗುವ ಗಳಿಗೆಯನ್ನೂ ಬದಲಾಗುವ ರೀತಿಯನ್ನೂ ಅಳೆದರೆ ರೈಲು ಯಾವಾಗ, ಎಷ್ಟು ಸಮೀಪದಲ್ಲಿ ಹಾದುಹೋಯಿತೆಂದು ಲೆಕ್ಕ ಹಾಕಬಹುದು. ಇಲ್ಲಿ ಚಲಿಸುವುದು ಉಪಗ್ರಹ, ಕೂಗುವುದು ನಿಂತ ಬೀಕನ್; ಆದರೆ ಲೆಕ್ಕ ಅದೇ.

ಆಕಾಶದಲ್ಲಿ ಕಿವಿ ತೆರೆದ ಕೂಡಲೆ ಮತ್ತೊಂದು ಸಂಕಟ ಎದುರಾಯಿತು. ಹಳೆಯ ಬೀಕನ್ನುಗಳು 121.5 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಬರಿಯ ಊಳಿಡುವ ಸದ್ದನ್ನು ಹೊರಡಿಸುತ್ತಿದ್ದವು. ‘ನಾನು ಇಂಥವನು’ ಎಂದು ಹೇಳುವ ಶಕ್ತಿ ಅವಕ್ಕಿರಲಿಲ್ಲ. ಗಟ್ಟಿಯಾಗಿ ನೆಲಕ್ಕಿಳಿದ ವಿಮಾನ, ಗುಜರಿಗೆ ಹಾಕಿದ ಯಂತ್ರ, ತೊಳೆಯುವಾಗ ನೀರು ತಗುಲಿದ ಬೀಕನ್, ಎಲ್ಲದರ ಕೂಗೂ ಒಂದೇ. ಅಷ್ಟೇ ಏಕೆ, 2004ರಲ್ಲಿ ಅಮೆರಿಕೆಯ ಆರಿಗಾನ್ ಪ್ರಾಂತದ ಕಾರ್ವಾಲಿಸ್ ಊರಿನಿಂದ ಬಂದ ಆಪತ್ಕರೆಯನ್ನು ಹುಡುಕಿಕೊಂಡು ಹೋದ ರಕ್ಷಕರಿಗೆ ಸಿಕ್ಕಿದುದು ಒಂದು ಮನೆಯ ದೂರದರ್ಶನ ಪೆಟ್ಟಿಗೆ! ಕೆಟ್ಟಿದ್ದ ಆ ಪೆಟ್ಟಿಗೆ ಅದೇ ಕಂಪನಾಂಕದ ತರಂಗಗಳನ್ನು ಹೊರಡಿಸುತ್ತಿತ್ತು. ಈ ಬಗೆಯ ಕರೆಗಳಲ್ಲಿ ಐವತ್ತಕ್ಕೆ ಒಂದೂ ನಿಜವಾದ ಆಪತ್ತಿನದಲ್ಲವೆಂದು ಅಮೆರಿಕೆಯ ಅಧಿಕಾರಿಗಳು ಲೆಕ್ಕ ಹಾಕಿದ್ದರು.

‘ತೋಳ ಬಂತು ತೋಳ’ ಎಂಬ ಕಥೆಯನ್ನು ಹೇಳಿಕೊಡದ ಉಪಾಧ್ಯಾಯರಿಲ್ಲ. ಕುರುಬರ ಹುಡುಗನು ಎರಡು ಸಲ ಹುಸಿ ಕೂಗಿದನು. ಮೂರನೆಯ ಸಲ ತೋಳವು ನಿಜವಾಗಿ ಬಂದಾಗ ಊರವರು ಏಳಲಿಲ್ಲ. ಸುಳ್ಳಾಡಬಾರದೆಂಬ ನೀತಿಯನ್ನು ನಾವು ಅದರಿಂದ ತೆಗೆಯುತ್ತೇವೆ, ಅದು ಸರಿಯೇ. ಆದರೆ ಕಡಲ ರಕ್ಷಕರು ಆ ಊರವರಂತೆ ವರ್ತಿಸಲು ಸಾಧ್ಯವಿಲ್ಲ. ಸುಳ್ಳೆಂದು ಸ್ಥಿರಪಡುವವರೆಗೆ ಪ್ರತಿಯೊಂದು ಕರೆಯನ್ನೂ ನಿಜವೆಂದೇ ಎಣಿಸತಕ್ಕದ್ದು ಎಂಬುದು ಅವರ ಮೊದಲ ವಿಧಿ. ನಲವತ್ತೊಂಬತ್ತು ಸಲ ಬರಿಗೈಯಲ್ಲಿ ಮರಳಿದವನು ಐವತ್ತನೆಯ ಸಲವೂ ಬಿರುಗಾಳಿಯಲ್ಲಿ ಹಡಗನ್ನು ಹೊರಡಿಸಲೇಬೇಕು. ಹುಸಿಕರೆಯ ನಿಜವಾದ ಬೆಲೆ ಇದು: ಒಂದು ಹಡಗು ಇಲ್ಲದ ದೋಣಿಯನ್ನು ಅರಸುತ್ತಿರುವಾಗ ಇರುವ ದೋಣಿ ಬೇರೆಡೆ ಮುಳುಗಬಹುದು.

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉಪಾಯ ಹಳ್ಳಿಯ ರೀತಿಯದೇ: ಕೂಗಿಗೆ ಗುರುತನ್ನು ಕೊಡುವುದು. 406 ಮೆಗಾಹರ್ಟ್ಸಿನ ಹೊಸ ಬೀಕನ್ನುಗಳು ಸುಮಾರು 50 ಸೆಕೆಂಡಿಗೊಮ್ಮೆ, ಅರ್ಧ ಸೆಕೆಂಡಿನಷ್ಟು ಕಾಲ, ತಮ್ಮ ದೇಶದ ಅಂಕವನ್ನೂ ಸ್ವಂತ ಗುರುತಿನ ಅಂಕವನ್ನೂ ಬಿತ್ತರಿಸುತ್ತವೆ. ಒಡೆಯನು ತನ್ನ ಹೆಸರು, ಹಡಗಿನ ವಿವರ, ದೂರವಾಣಿ ಸಂಖ್ಯೆಗಳನ್ನು ಮೊದಲೇ ನೋಂದಾಯಿಸಬೇಕು. ಕರೆ ಬಂದೊಡನೆ ಅಧಿಕಾರಿಗಳು ಆ ಸಂಖ್ಯೆಗೆ ದೂರವಾಣಿ ಮಾಡುತ್ತಾರೆ. ‘ಹಡಗು ಬಂದರಿನಲ್ಲೇ ಇದೆ’ ಎಂಬ ಉತ್ತರ ಬಂದರೆ ಎಷ್ಟೋ ವೇಳೆ ಹುಡುಕಾಟದ ಶ್ರಮ ಉಳಿಯುತ್ತದೆ. ‘ನಿನ್ನೆ ಕಡಲಿಗೆ ಹೋದರು’ ಎಂಬ ಉತ್ತರ ಬಂದರೆ ಹುಡುಕುವವರಿಗೆ ದಾರಿ ಸಿಕ್ಕುತ್ತದೆ. 2009ರ ಫೆಬ್ರವರಿ 1ರಿಂದ ಉಪಗ್ರಹಗಳು ಹಳೆಯ ಕಂಪನಾಂಕಕ್ಕೆ ಕಿವಿಗೊಡುವುದನ್ನು ನಿಲ್ಲಿಸಿದವು. ಹೊಸ ಬೀಕನ್ನುಗಳಿಂದಲೂ ಹುಸಿಕರೆಗಳು ಬರುವುದುಂಟು. ಆದರೆ ಈಗ ಹುಸಿಗೂ ವಿಳಾಸವಿದೆ.

ಕಡಲಿಗೆ ಬಹುದೂರವಾದ ಪಾಪಿರೆಡ್ಡಿಪಟ್ಟಿಯ ಓದುಗರು, ಇದೆಲ್ಲ ನಮಗೇಕೆ ಎಂದಾರು. ಭಾರತದ ಕಡಲಿನ ಹುಯ್ಯಲನ್ನು ಕೇಳುವ ಕೇಂದ್ರವು ಕಡಲ ತಡಿಯಲ್ಲಿಲ್ಲ. ನಮ್ಮ ಸೀಮೆಯಿಂದ ಕೃಷ್ಣಗಿರಿ, ಹೊಸೂರುಗಳ ದಾರಿಯಾಗಿ ತಲಪುವ ಬೆಂಗಳೂರಿನಲ್ಲಿದೆ! ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಇಸ್ಟ್ರ್ಯಾಕ್ ವಿಭಾಗದಲ್ಲಿರುವ ಈ ಕೇಂದ್ರವು ನಮ್ಮ ದೇಶದ ಜತೆಗೆ ಶ್ರೀಲಂಕ, ಬಾಂಗ್ಲಾದೇಶ, ನೇಪಾಳ, ಭೂತಾನ, ಮಾಲ್ಡೀವ್ಸ್, ಸೆಶೆಲ್ಸ್, ತಾಂಜಾನಿಯ ದೇಶಗಳಿಗೂ ಸೇವೆ ಸಲ್ಲಿಸುತ್ತದೆ. ಇಲ್ಲಿ ಬಿಡಿಸಿ ಓದಿದ ಕರೆಯು ಕೋಸ್ಟ್ ಗಾರ್ಡ್ ಎಂದು ಹೆಸರಾದ ತಟರಕ್ಷಣಾ ಪಡೆಯ ಕೇಂದ್ರಗಳಿಗೆ ಹೋಗುತ್ತದೆ. ಆ ಪಡೆ ಹೊಣೆ ಹೊತ್ತ ಕಡಲಿನ ವಿಸ್ತಾರ ಸುಮಾರು 46 ಲಕ್ಷ ಚದರ ಕಿಲೋಮೀಟರು; ನಮ್ಮ ದೇಶದ ನೆಲಕ್ಕಿಂತ ದೊಡ್ಡದು.

ದೊಡ್ಡ ಹಡಗಿನ ಬೀಕನ್ನನ್ನು ಕೊಳ್ಳುವ ಶಕ್ತಿ ಬಡ ಮೀನುಗಾರನಿಗಿಲ್ಲ. ಅವನಿಗಾಗಿ ಅದೇ ಸಂಸ್ಥೆಯು ರೂಪಿಸಿದ ಆಪತ್ಸೂಚಕವು 2010ರಿಂದ ಬಳಕೆಯಲ್ಲಿದೆ. 20,000ಕ್ಕೂ ಹೆಚ್ಚು ಯಂತ್ರಗಳು ಮೀನುಗಾರರನ್ನು ತಲಪಿವೆ. ಗುಂಡಿಯೊತ್ತಿದರೆ ದೋಣಿಯ ಗುರುತೂ ಇರುವ ಸ್ಥಳವೂ ಉಪಗ್ರಹದ ಮೂಲಕ ಬೆಂಗಳೂರಿಗೆ ಬರುತ್ತವೆ. ಆದರೆ ಕೂಗಿದವನಿಗೆ ತನ್ನ ಕೂಗು ಕೇಳಿಸಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. 2024ರ ಜನವರಿಯಲ್ಲಿ ಪ್ರಕಟವಾದ ಎರಡನೆಯ ತಲೆಮಾರಿನ ಯಂತ್ರವು ಆ ಕೊರತೆಯನ್ನು ನೀಗಿತು. ‘ಕರೆ ತಲಪಿತು’ ಎಂಬ ಮರುದನಿಯನ್ನು ಅದು ದೋಣಿಗೆ ಮುಟ್ಟಿಸುತ್ತದೆ. ಚಂಡಮಾರುತದ ಮುನ್ಸೂಚನೆಯನ್ನೂ ಮೀನುಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬಲ್ಲದು. ಕತ್ತಲೆಯ ಕಡಲಿನಲ್ಲಿ ಆ ಎರಡು ಪದಗಳು ಕೊಡುವ ಧೈರ್ಯವನ್ನು ಊಹಿಸಬಹುದು.

ಹುಸಿಕರೆಯ ಕೇಡನ್ನು ಹೇಳಿದುದಾಯಿತು. ಅದಕ್ಕಿಂತ ದೊಡ್ಡ ಕೇಡು ಮೌನ. 2018ರ ಡಿಸೆಂಬರ್ 13ರಂದು ಉಡುಪಿ ಜಿಲ್ಲೆಯ ಮಲ್ಪೆ ಬಂದರಿನಿಂದ ‘ಸುವರ್ಣ ತ್ರಿಭುಜ’ ಎಂಬ ಮೀನುಗಾರಿಕೆಯ ದೋಣಿ ಏಳು ಮಂದಿಯೊಡನೆ ಹೊರಟಿತು. ಎರಡು ದಿನಗಳ ಮೇಲೆ ಸಂಪರ್ಕ ಕಡಿಯಿತು. ಮನೆಯವರು ದಡದಲ್ಲಿ ಕಾದರು. ಜನವರಿಯಲ್ಲಿ ಸಾವಿರಾರು ಮೀನುಗಾರರು ಉಡುಪಿಯ ಹೆದ್ದಾರಿಯಲ್ಲಿ ಕುಳಿತು, ನಮ್ಮವರನ್ನು ಹುಡುಕಿಕೊಡಿರೆಂದು ಮೊರೆಯಿಟ್ಟರು. ನಾಲ್ಕೂವರೆ ತಿಂಗಳು ಕಳೆದು, 2019ರ ಮೇ ತಿಂಗಳ ಮೊದಲಲ್ಲಿ, ಮಹಾರಾಷ್ಟ್ರದ ಮಾಲ್ವಣದಾಚೆ ಸುಮಾರು 60 ಮೀಟರು ಆಳದಲ್ಲಿ ನೌಕಾಪಡೆಯ ‘ನಿರೀಕ್ಷಕ್’ ಹಡಗು ಆ ದೋಣಿಯ ಅವಶೇಷವನ್ನು ಕಂಡಿತು. ಏಳು ಮಂದಿ ಮರಳಲಿಲ್ಲ. ಕೂಗು ಕೇಳದ ಕಡೆ ಹುಡುಕುವವರಿಗೆ ದಿಕ್ಕಿಲ್ಲ, ಕಾಯುವವರಿಗೆ ಕೊನೆಯಿಲ್ಲ.

ಆದುದರಿಂದ ‘ತಪ್ಪಾದೀತೆಂದು ಹೆದರಿ ಗುಂಡಿ ಒತ್ತಬೇಡ’ ಎಂದು ಬಲ್ಲವರಾರೂ ಹೇಳುವುದಿಲ್ಲ. ಆಪತ್ತು ಬಂದಾಗ ಸಂಕೋಚವಿಲ್ಲದೆ ಕರೆ. ಅರಿಯದೆ ಒತ್ತಿದ್ದರೆ ಮುಚ್ಚಿಡದೆ ಕೂಡಲೆ ತಿಳಿಸು. ಹೆಸರು ವಿಳಾಸಗಳನ್ನು ಮೊದಲೇ ನೋಂದಾಯಿಸು ಎಂಬ ಮೂರು ಮಾತುಗಳನ್ನು ಅವರು ಕಲಿಸುತ್ತಾರೆ. ತಟರಕ್ಷಣಾ ಪಡೆಯ 1554 ಎಂಬ ದೂರವಾಣಿಗೂ, ನಮ್ಮ ಊರುಗಳಿಗೆ ಆಂಬುಲೆನ್ಸನ್ನು ಕರೆತರುವ 108ಕ್ಕೂ ಈ ಮಾತುಗಳು ಹೊಂದುತ್ತವೆ. ಆಟಕ್ಕೆಂದು 108ನ್ನು ಒತ್ತಿದ ಹುಡುಗನು ಯಾರದೋ ಮನೆಯ ಪ್ರಸವವೇದನೆಯ ಅಥವಾ ಹಾವು ಕಚ್ಚಿದವನ ಗಳಿಗೆಗಳನ್ನು ಕದಿಯುತ್ತಾನೆ. ವೀರಗಲ್ಲಿನ ಮೇಲೆ ಕೆತ್ತಿದ ಬಂಟನು ಹುಯ್ಯಲನ್ನು ನಂಬಿ ಹೊರಟವನು. ಅವನ ನಂಬಿಕೆಯನ್ನು ಉಳಿಸುವ ಹೊಣೆ ಕೂಗುವವರದು. ಎಷ್ಟು ಸಲ ಹುಸಿಯಾದರೂ ಮತ್ತೆ ಎದ್ದು ಹೊರಡುವ ಹೊಣೆ ಕೇಳುವವರದು.